ಟೂಸಾನ್ ಊರಿನ ಅಂಗಳ: ಹಸಿರು ಲಾನಿನಿಂದ ಮೆಸ್ಕೀಟ್ ನೆರಳಿನ ತನಕ

ಮರುಭೂಮಿ ಅಂದ ಕೂಡ್ಲೆ ನಮ್ಮ ಕಡೆ ಮಂದಿಗೆ ಕಣ್ಣಮುಂದ ಬರೋದು ಉಸುಕಿನ ದಿಬ್ಬ, ಒಂದೆರಡು ಒಂಟಿ, ದೂರದಾಗ ಒಂದು ಖರ್ಜೂರದ ಗಿಡ. ನಾವಿರೋ ಟೂಸಾನ್ ಹಂಗಿಲ್ಲ ನೋಡ್ರಿ. ಅಮೆರಿಕದ ಅರಿಜೋನಾ ರಾಜ್ಯದಾಗ, ಮೆಕ್ಸಿಕೋ ಗಡಿಯಿಂದ ಸುಮಾರು ನೂರು ಕಿಲೋಮೀಟರ್ ಈ ಕಡೆ, ಸೊನೋರನ್ ಮರುಭೂಮಿಯ ನಡುವ ಕುಂತ ಊರಿದು. ಸುತ್ತಲಿನ ಗುಡ್ಡದ ತುಂಬ ಗಿಡ ಅದಾವ. ಐದಾರು ಆಳೆತ್ತರದ ಸವಾರೊ ಕಳ್ಳಿ, ಹಸಿರು ತೊಗಟಿಯ ಪಾಲೊ ವರ್ಡಿ, ಹಳದಿ ಹೂವಿನ ಪೊದಿ, ನೆಲಕ್ಕ ಅಂಟಿಕೊಂಡ ಸಣ್ಣ ಕಳ್ಳಿ. ನಮ್ಮ ವಿಜಯಪುರಕ್ಕ ವರ್ಷಕ್ಕ ಸುಮಾರು 600 ಮಿಲಿಮೀಟರ್ ಮಳಿ ಬೀಳ್ತದ. ಇಲ್ಲಿ ಅದರ ಅರ್ಧ, ಅಂದ್ರ 300ರ ಹತ್ತಿರ. ಆ ಅರ್ಧ ಮಳಿನೂ ಎರಡು ಸಲ ಹಂಚಿಕೊಂಡು ಬರ್ತದ. ಚಳಿಗಾಲದಾಗ ಜಿಟಿಜಿಟಿ, ಜುಲೈದಿಂದ ಸೆಪ್ಟೆಂಬರ್ ತನಕ ಗುಡುಗು ಸಿಡಿಲಿನ ಕೂಡ. ಈ ಎರಡನೇದಕ್ಕ ಇಲ್ಲಿಯವರೂ ಮಾನ್ಸೂನ್ ಅಂತನ ಅಂತಾರ. ಹಿಂಗಾಗಿ ಮುಂಗಾರು, ಹಿಂಗಾರು ನೋಡಿ ಬೆಳೆದ ನಮಗ ಈ ಊರು ತಿಳಿಯೋದು ಅಷ್ಟೇನೂ ಕಷ್ಟ ಅಲ್ಲ.

ಊರಿಂದ ಫೋನ್ ಬಂದಾಗೆಲ್ಲಾ ಅಕ್ಕಗೋಳು, ವೈನಿಗೋಳು ಎರಡು ಮಾತು ಕೇಳ್ತಾರ. ಅಂಗಳದಾಗ ಏನೇನ್ ಹಚ್ಚೀರಿ? ನೀರು ಎಲ್ಲಿಂದ ತರ್ತೀರಿ? ಈ ಎರಡನೇ ಪ್ರಶ್ನಿನ ಮೊದಲು ಕೇಳಬೇಕು, ಆಮ್ಯಾಲೆ ಗಿಡ ಆರಿಸಬೇಕು. ಟೂಸಾನ್ ಇಷ್ಟನ್ನ ಕಲಿಯೋದಕ್ಕ ನೂರು ವರ್ಷ ತಗೊಂಡದ. ಅದಕ್ಕ ಬರೇ ಗಿಡದ ಪಟ್ಟಿ ಕೊಡದ, ಆ ಪಟ್ಟಿ ಹೆಂಗ ಹುಟ್ಟಿತು ಅನ್ನೋದನ್ನೂ ಹೇಳ್ತೀನಿ.

ಇಲ್ಲಿ ಒಕ್ಕಲುತನಕ್ಕ 4000 ವರ್ಷದ ಇತಿಹಾಸ ಅದ. ಸಾಂಟಾ ಕ್ರೂಜ್ ಅನ್ನೋ ಹೊಳಿ ದಂಡಿಗೆ ನೆಲ ಅಗೆದಾಗ 3000 ವರ್ಷಕ್ಕೂ ಹಳೇ ಕಾಲುವಿ ಸಿಕ್ಕಾವ. ಮುಂದ ಹೊಹೊಕಮ್ ಅಂತ ಕರೆಯೋ ಮಂದಿ ಕಾಲುವಿ ನೀರು ಮುಟ್ಟದ ಇಳಿಜಾರಿನ ನೆಲಾನೂ ಬಿಡಲಿಲ್ಲ. ಅಲ್ಲಿ ಸಣ್ಣ ಸಣ್ಣ ಕಲ್ಲಿನ ಗುಂಪಿ ಮಾಡಿ, ಅದರಾಗ ಅಗಾವೆ ಹಚ್ತಿದ್ರು. ಅಗಾವೆ ಅಂದ್ರ ನಮ್ಮ ಬದುವಿನ ಮ್ಯಾಲೆ ಇರೋ ಕತ್ತಾಳಿ ಜಾತಿದು. ಕಲ್ಲಿನ ಕೆಳಗ ಬಿಸಿಲು ತಾಗದ ಹಸಿ ಉಳೀತದ, ಗಿಡ ಅದನ್ನ ಕುಡಕೊಂಡು ಬೆಳೀತದ. ಗಡ್ಡಿ ಬಲಿತ ಮ್ಯಾಲೆ ತಗ್ಗು ತೋಡಿ, ಕೆಂಡದಾಗ ಹುಗಿದು ಬೇಯಿಸಿ ತಿಂತಿದ್ರು. ಅಂಥಾ ಸಾವಿರಾರು ಕಲ್ಲಿನ ಗುಂಪಿ ಟೂಸಾನಿನ ಉತ್ತರಕ್ಕ ಇನ್ನೂ ಅದಾವ.

ಇವತ್ತಿಗೂ ಇಲ್ಲೇ ಇರೋ ಮೂಲದ ಮಂದಿ ಟೊಹೊನೊ ಓಧಮ್. ಅವರ ಭಾಷಾದಾಗ ಇದರ ಅರ್ಥ ಮರುಭೂಮಿಯ ಮಂದಿ. ಸ್ಪೇನಿನವರು ಅವರಿಗೆ ಪಾಪಾಗೊ ಅಂತ ಹೆಸರಿಟ್ಟಿದ್ರು. 1986ರಾಗ ಅವರು ಆ ಹೆಸರು ತೆಗೆದುಹಾಕಿ ತಮ್ಮ ಹೆಸರನ್ನ ತಾವು ಅಧಿಕೃತ ಮಾಡ್ಕೊಂಡ್ರು. ಬ್ಯಾಸಿಗಿ ಮಳಿ ಬಂದಾಗ ಹಳ್ಳದ ನೀರು ಬಯಲಿಗೆ ಹರಡಿಕೊಳ್ಳೋ ಜಾಗ ಇರ್ತದಲ್ಲ, ಅಲ್ಲಿ ಒಡ್ಡು ಹಾಕಿ ಹೊಲ ಮಾಡ್ತಿದ್ರು. ಬಿತ್ತೋದು ಟೆಪರಿ ಅನ್ನೋ ಕಾಳು. ನಮ್ಮ ಮಡಕಿ ಕಾಳು, ಹುರಳಿ ಹಂಗ ಒಂದೆರಡು ಮಳಿ ಸಿಕ್ರ ಸಾಕು, ಬೆಳಿ ಕೈಗೆ ಬರ್ತದ.

ಜೂನ್ ಕಡೀಕ, ಮಳಿಗಿಂತ ಮೊದಲು, ಸವಾರೊ ಕಳ್ಳಿಯ ತುದಿಗೆ ಹಣ್ಣಾಗ್ತಾವ. ಅದನ್ನ ಕೀಳೋದು ಬಹಳ ಮಾಡಿ ಹೆಣ್ಣಮಕ್ಕಳ ಕೆಲಸ. ಸತ್ತ ಸವಾರೊದ ಒಳಗಿನ ಉದ್ದನ ಗಳ ತಗೊಂಡು, ಒಂದಕ್ಕೊಂದು ಕಟ್ಟಿ, ಆ ಗಳದಿಂದನ ಹಣ್ಣು ಬೀಳಸ್ತಾರ. ಹಣ್ಣಿನ ರಸ ಕಾಸಿ ಕಾಕಂಬಿ ಹಂಗ ಪಾಕ ಮಾಡ್ತಾರ. ಅವರ ಹೊಸ ವರ್ಷ ಶುರುವಾಗೋದು ಈ ಸುಗ್ಗಿಯಿಂದ. ಮೆಸ್ಕೀಟ್ ಮರದ ಸಿಹಿ ಕಾಯಿ ಒಣಗಿಸಿ, ಕುಟ್ಟಿ ಹಿಟ್ಟು ಮಾಡಿ ಇಟ್ಕೊಳ್ತಿದ್ರು. ಇದರಾಗ ಒಂದು ಗಿಡಕ್ಕೂ ಯಾರೂ ಕೊಡ ಹೊತ್ತು ನೀರು ಹಾಕಿಲ್ಲ.

1775ರಾಗ ಸ್ಪೇನಿನವರು ಇಲ್ಲಿ ಕೋಟಿ ಕಟ್ಟಿದ್ರು. ಅವರ ಕೂಡ ದಾಳಿಂಬ್ರಿ, ಅಂಜೂರ ಬಂದ್ವು. ಆದರೂ ಅವರ ಮನಿ ಈ ನೆಲಕ್ಕ ಹೊಂದೋ ಹಂಗ ಇದ್ವು. ಮಣ್ಣಿನ ದಪ್ಪನ ಗ್ವಾಡಿ, ಬೀದಿಗೆ ಹತ್ತಿದ ಬಾಗಲ, ನಡುವ ಅಂಗಳ, ಅಂಗಳದಾಗ ನಾಕು ಗಿಡ. ಪಾತ್ರಿ ತೊಳೆದ ನೀರು ಆ ನಾಕು ಗಿಡಕ್ಕ ಸಾಕಾಗ್ತಿತ್ತು.

1880ರಾಗ ಟೂಸಾನಿಗೆ ರೈಲು ಬಂತು, ಎಲ್ಲಾ ಬದಲಾತು. ಪೂರ್ವದ ರಾಜ್ಯಗಳಿಂದ ಬಂದ ಮಂದಿ ಕಣ್ಣಾಗ ಊರು ಅಂದ್ರ ಹಿಂಗಿರಬೇಕು ಅನ್ನೋ ಒಂದು ಚಿತ್ರ ಇತ್ತು: ಪ್ಲಾಟಿನ ನಡುವ ಮನಿ, ಮುಂದ ಹಸಿರು ಹುಲ್ಲಿನ ಲಾನ್, ದಾರಿ ಬದಿಗೆ ದೊಡ್ಡ ನೆರಳಿನ ಮರ. ಅವರು ಬಿಟ್ಟು ಬಂದ ಊರಿನ್ಯಾಗ ಆ ಹುಲ್ಲಿಗೆ ಆಕಾಶನ ನೀರು ಕೊಡ್ತಿತ್ತು. ಇಲ್ಲಿ ನೆಲದೊಳಗಿಂದ ಎತ್ತಬೇಕಾತು. ಪಂಪು ಬಂದ ಮ್ಯಾಲೆ ಎತ್ತೋದೂ ಸುಲಭ ಆತು. 1940ರಾಗ ಸುಮಾರು 36 ಸಾವಿರ ಇದ್ದ ಊರಿನ ಜನಸಂಖ್ಯಾ 1960ಕ್ಕ 2 ಲಕ್ಷ 12 ಸಾವಿರ ದಾಟಿತ್ತು. ವರ್ಷಪೂರ್ತಿ ಹರೀತಿದ್ದ ಸಾಂಟಾ ಕ್ರೂಜ್ ಹೊಳಿ ಒಣಗಿ ಉಸುಕಿನ ಹಳ್ಳ ಆತು. ಊರ ನಡುವ ಕೆಲವು ಕಡೆ ಅಂತರ್ಜಲ 200 ಅಡಿಗೂ ಹೆಚ್ಚು ಕೆಳಗ ಹೋತು.

ಇದರ ಪೆಟ್ಟು ಮೊದಲು ತಿಂದವರು ಓಧಮ್ ಮಂದಿ. ಟೂಸಾನಿನ ದಕ್ಷಿಣಕ್ಕ ಸ್ಯಾನ್ ಸೇವಿಯರ್ ಅನ್ನೋ ಅವರ ನೆಲದಾಗ ದೊಡ್ಡ ಮೆಸ್ಕೀಟ್ ಕಾಡಿತ್ತು. ಮೆಸ್ಕೀಟ್ ಬೇರಂದ್ರ ಸಾಮಾನ್ಯ ಬೇರಲ್ಲ. ಟೂಸಾನ್ ಹತ್ತಿರದ ಒಂದು ತಾಮ್ರದ ಗಣಿಯಾಗ 50 ಮೀಟರಿಗೂ ಆಳದಾಗ ಅದರ ಬೇರು ಸಿಕ್ಕದ. ಅಂಥಾ ಮರಕ್ಕೂ ನೀರು ಎಟುಕದ ಹಂಗಾಗಿ ಆ ಕಾಡು ನಿಂತಲ್ಲೇ ಒಣಗಿತು. 1975ರಾಗ ಅವರ ಪರವಾಗಿ ಕೇಂದ್ರ ಸರ್ಕಾರನ ಟೂಸಾನ್ ನಗರದ ಮ್ಯಾಲೆ, ಗಣಿಗಳ ಮ್ಯಾಲೆ ದಾವಾ ಹೂಡ್ತು. 1982ರಾಗ ಕಾಯ್ದೆ ಮೂಲಕ ರಾಜಿ ಆಗಿ, ದೂರದ ಕೊಲೊರಾಡೊ ನದಿ ನೀರಿನ್ಯಾಗ ಅವರಿಗೆ ಪಾಲು ಬಂತು. ಒಣಗಿದ ಕಾಡು ಮಾತ್ರ ತಿರುಗಿ ಬರಲಿಲ್ಲ. ನಮ್ಮ ಓಣಿಯಾಗ ಒಬ್ಬರು ಬೋರ್ ಇನ್ನಷ್ಟು ಆಳ ಹೊಡಿಸಿದ ಮ್ಯಾಲೆ ಬಾಜೂಕಿನ ಭಾಂವಿ ಬತ್ತಿದ್ದನ್ನ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಚಿತ್ರ ಕೇಳ್ರಿ. ದಮ್ಮು, ಕ್ಷಯ ಇದ್ದ ಮಂದಿ ಒಣ ಹವಾ ಒಳ್ಳೇದು ಅಂತ ಈ ಊರಿಗೆ ಬರ್ತಿದ್ರು. ಬಂದವರು ಅಂಗಳದ ತುಂಬ ಹುಲ್ಲು, ಮಲ್ಬೆರಿ, ಆಲಿವ್ ಹಚ್ಚಿದ್ರು. ಅದರ ಪರಾಗದಿಂದ ಊರಿಗೆ ಊರೇ ಸೀನಾಕ ಹತ್ತಿತು. ಕಡೀಕ 1980ರ ದಶಕದಾಗ ಇಲ್ಲಿನ ಪೀಮಾ ಜಿಲ್ಲಾದಾಗ ಪರಾಗ ಉದುರಿಸೋ ಆ ಮಲ್ಬೆರಿ, ಆಲಿವ್ ಮಾರಬಾರದು ಅಂತ ನಿಯಮನ ಮಾಡಬೇಕಾತು.

ಊರಿನ ಮನಸ್ಸು ತಿರುಗಿದ್ದು ನೀರಿನ ಬಿಲ್ಲಿನಿಂದ. 1976ರ ಬ್ಯಾಸಿಗಿಯಾಗ ನಗರಸಭಾದವರು ನೀರಿನ ದರ ಜೋರಾಗಿ ಏರಿಸಿದ್ರು. ಗುಡ್ಡದ ಮ್ಯಾಲಿನ ಮನಿಗೆ ನೀರು ಏರಿಸೋ ಖರ್ಚು ಬ್ಯಾರೆ ಹಚ್ಚಿದ್ರು. ಮಂದಿ ಸಿಟ್ಟಿಗೆದ್ದು 1977ರ ಜನವರಿಯಾಗ ಮರುಚುನಾವಣಿ ಮಾಡಿಸಿ ಆ ಸದಸ್ಯರನ್ನ ಕುರ್ಚಿಯಿಂದ ಇಳಿಸಿದ್ರು. ಹೊಸದಾಗಿ ಬಂದವರು ಲೆಕ್ಕದ ಪುಸ್ತಕ ತೆಗೆದು ನೋಡಿದ ಮ್ಯಾಲೆ ಅವರಿಂದಲೂ ದರ ಇಳಿಸೋದು ಆಗಲಿಲ್ಲ. ಯಾಕಂದ್ರ ಬ್ಯಾಸಿಗಿ ಸಂಜೀಕ ಎಲ್ಲಾರೂ ಒಮ್ಮೆಲೆ ಲಾನಿಗೆ ನೀರು ಬಿಡ್ತಿದ್ರು. ಆ ನಾಕು ತಾಸಿನ ಸಲುವಾಗಿ ಹೊಸ ಭಾಂವಿ, ಹೊಸ ಪೈಪು, ಹೊಸ ಟಾಕಿ ಕಟ್ಟಬೇಕಿತ್ತು. ಅದ ವರ್ಷ ನಗರದವರು ಒಂದು ಪ್ರಚಾರ ಶುರು ಮಾಡಿದ್ರು: ಸಂಜಿ 4ರಿಂದ 8ರ ತನಕ ಗಿಡಕ್ಕ ನೀರು ಬಿಡಬ್ಯಾಡ್ರಿ, ದಿನಾ ಬಿಡಬ್ಯಾಡ್ರಿ, ದಿನ ಬಿಟ್ಟು ದಿನ ಬಿಡ್ರಿ. ಪ್ರಚಾರಕ್ಕ ಒಂದು ಬಾತುಕೋಳಿ ಚಿತ್ರನೂ ಇತ್ತು. ಮಂದಿ ಕೇಳಿದ್ರು. ಬಿಲ್ ನೋಡಿ ಬಹಳ ಮನಿಯವರು ಲಾನ್ ಕಿತ್ತು ಹಾಕಿದ್ರು.

1980ರಾಗ ಅರಿಜೋನಾ ರಾಜ್ಯ ಅಂತರ್ಜಲದ ಕಾಯ್ದೆ ತಂತು. ಅದರ ಕೆಳಗ ನೀರಿನ ಇಲಾಖೆಯವರು ಕಡಿಮಿ ನೀರು ಕುಡಿಯೋ, ಬರ ತಡಕೊಳ್ಳೋ ಗಿಡದ ಪಟ್ಟಿ ಮಾಡಿದ್ರು. ರಸ್ತೆ ನಡುವ, ರಸ್ತೆ ಬಾಜೂಕ ಹಚ್ಚೋದಿದ್ರ ಆ ಪಟ್ಟಿಯೊಳಗಿನ ಗಿಡನ ಹಚ್ಚಬೇಕು. ಮರುವರ್ಷ 1981ರಾಗ ಡೆನ್ವರ್ ಊರಿನ ನೀರಿನ ಇಲಾಖೆಯವರು ಇಂಥಾ ತ್ವಾಟಕ್ಕ ಜೆರಿಸ್ಕೇಪ್ ಅಂತ ಹೆಸರಿಟ್ರು. ಜೆರೋಸ್ ಅಂದ್ರ ಗ್ರೀಕ್ ಭಾಷಾದಾಗ ಒಣ ಅಂತ ಅರ್ಥ. ಮಂದಿ ಅದನ್ನ ಜೀರೋಸ್ಕೇಪ್ ಅಂತ ತಿಳಕೊಂಡು, ಅಂಗಳಕ್ಕೆಲ್ಲಾ ಪ್ಲಾಸ್ಟಿಕ್ ಹಾಸಿ, ಮ್ಯಾಲೆ ಕಡಿ ಸುರಿದು, ಗಿಡನ ಇಲ್ಲದಂಗ ಮಾಡಿದ್ದೂ ಅದ. ಹಗಲೆಲ್ಲಾ ಕಾದ ಕಡಿ ರಾತ್ರಿ ಮನಿಗೆ ಝಳ ಹೊಡೀತದ. ಫ್ಯಾನಿನ, ಎಸಿಯ ಕರೆಂಟು ಏರ್ತದ. ನೀರು ಉಳಿಸಬೇಕು ಖರೆ, ನೆರಳೂ ಬೇಕು. ಎರಡೂ ಕೊಡೋದು ಈ ಮಣ್ಣಿನ ಮರಗಳು ಮಾತ್ರ.

ಅವನ್ನ ಉಳಿಸಬೇಕು ಅನ್ನೋ ಮಾತು ಆಗಲೇ ಹಳೇದಾಗಿತ್ತು. 1930ರ ದಶಕದಾಗ ಫೀನಿಕ್ಸ್ ಊರಿನ್ಯಾಗ ಗುಸ್ಟಾಫ್ ಸ್ಟಾರ್ಕ್ ಅನ್ನೋ ಸ್ವೀಡನ್ ಮೂಲದ ಸಸ್ಯಪ್ರೇಮಿ ಮರುಭೂಮಿ ಉಳಿಸ್ರಿ ಅಂತ ಒಂದು ಫಲಕ ಬರೆದು, ತನ್ನ ಮನಿ ಕಡೆ ಬಾಣದ ಗುರುತು ಹಾಕಿ ಇಟ್ಟಿದ್ದನಂತ. ಫಲಕ ನೋಡಿ ಬಂದವರ ಜೋಡಿ ಗರ್ಟ್ರೂಡ್ ವೆಬ್ಸ್ಟರ್ ಅನ್ನೋ ಶ್ರೀಮಂತ ಹೆಣ್ಣಮಗಳು ರೊಕ್ಕ, ಒತ್ತಾಸಿ ಕೊಟ್ಟು ನಿಂತಳು. 1939ರಾಗ ಡೆಸರ್ಟ್ ಬೊಟಾನಿಕಲ್ ಗಾರ್ಡನ್ ಶುರುವಾತು. ಮುಂದ ನರ್ಸರಿಯವರೂ ಗುಡ್ಡದ ಗಿಡದ ಬೀಜ ತಂದು ಸಸಿ ಮಾಡೋದು ಕಲಿತ್ರು. ಇವತ್ತು ಮೆಸ್ಕೀಟ್, ಪಾಲೊ ವರ್ಡಿ, ಐರನ್‌ವುಡ್, ಡೆಸರ್ಟ್ ವಿಲೊ ಯಾವ ನರ್ಸರಿಗೆ ಹೋದ್ರೂ ಸಿಗ್ತಾವ. ಗುಡ್ಡದಿಂದ ಕಿತ್ತು ತರಂಗಿಲ್ಲ. ಪರವಾನಗಿ ಇಲ್ಲದ ಸವಾರೊ ಕಿತ್ರ ಅಪರಾಧ.

ಇಲ್ಲಿ ಮಣ್ಣಿನ ಗಿಡ ಅನ್ನೋ ಮಾತಿನ ಅರ್ಥ ನಮಗ ಬಹಳ ಚಲೋ ತಿಳಿಸೋದು ಬಳ್ಳಾರಿ ಜಾಲಿ. ಅದು ಮೆಸ್ಕೀಟಿನ ಅಕ್ಕನೋ ತಂಗಿನೋ ಆಗಬೇಕು. ಅಮೆರಿಕದ ಬೆಚ್ಚನ ಸೀಮಿಯ ಆ ಗಿಡದ ಬೀಜವನ್ನ 1877ರ ಸುಮಾರು, ದೊಡ್ಡ ಬರದ ಕಾಲದಾಗ, ಕಟಗಿ ಆಗ್ತದ, ಬರಡು ನೆಲ ಹಸಿರಾಗ್ತದ ಅಂತ ಬ್ರಿಟಿಷರು ಮದ್ರಾಸ್ ಸೀಮಿಗೆ ತಂದ್ರು. ನಮ್ಮ ಅವ್ವಗೋಳ ಒಲಿಗೆ ಕಟಗಿ ಕೊಟ್ಟದ್ದು ಸುಳ್ಳಲ್ಲ. ಆದ್ರ ಕೆರಿ ಅಂಗಳ, ಹಳ್ಳದ ದಂಡಿ, ಬೀಳು ಹೊಲ ಎಲ್ಲಾ ಹಬ್ಬಿಬಿಟ್ಟದ. ಇಲ್ಲಿ ಅದರ ತಂಗಿ ಹಂಗ ಮಾಡಂಗಿಲ್ಲ. ಅದರ ಕಾಯಿ ತಿನ್ನೋ ಪ್ರಾಣಿ, ಬೀಜ ಕೊರೆಯೋ ಹುಳ, ಕೆಳಗ ಬೆಳೆಯೋ ಕಳ್ಳಿ ಎಲ್ಲಾ ಸಾವಿರಾರು ವರ್ಷದಿಂದ ಕೂಡೇ ಅದಾವ. ಸವಾರೊದ ಸಸಿ ಮೊದಲಿನ ಹತ್ತು ವರ್ಷದಾಗ ಒಂದೆರಡು ಇಂಚು ಬೆಳೀತದ ಅಷ್ಟ. ಆ ಕೂಸು ಬಿಸಿಲಿಗೆ ಸುಡದಂಗ ಕಾಯೋದು ಮೆಸ್ಕೀಟ್, ಪಾಲೊ ವರ್ಡಿ, ಐರನ್‌ವುಡ್ ನೆರಳು. ಇವಕ್ಕ ದಾದಿ ಮರ ಅಂದ್ರೂ ನಡೀತದ.

ನಮ್ಮಲ್ಲಿಂದ ಇಲ್ಲಿಗೆ ಬಂದು ಕೆಟ್ಟ ಹೆಸರು ತಗೊಂಡದ್ದೂ ಒಂದು ಅದ. ಅಂಜನ್ ಹುಲ್ಲು ಆಫ್ರಿಕಾ, ಅರಬ ದೇಶ, ಭಾರತದ್ದು. ರಾಜಸ್ಥಾನ, ಗುಜರಾತ ಕಡೆ ದನಕ್ಕ ಚಲೋ ಮೇವು. 1930, 40ರ ದಶಕದಾಗ ಮಣ್ಣು ಕೊಚ್ಚಿ ಹೋಗದಂಗ ಹಿಡೀತದ, ದನಕ್ಕೂ ಆಗ್ತದ ಅಂತ ಅಮೆರಿಕ ಸರ್ಕಾರದವರು ತರಿಸಿದ್ರು. ಇಲ್ಲಿ ಅದರ ಹೆಸರು ಬಫೆಲ್ ಗ್ರಾಸ್. ಈಗ ಗುಡ್ಡದ ಸಂದಿ ಸಂದಿಗೆ ಹಬ್ಬಿ, ಒಣಗಿ, ಕಿಡಿ ಬಿದ್ರ ಸಾಕು ಹತ್ಕೊಳ್ತದ. ಸೊನೋರನ್ ಮರುಭೂಮಿಯ ಗಿಡಗಳಿಗೆ ಬೆಂಕಿ ರೂಢಿಲ್ಲ. ನೂರೈವತ್ತು ವರ್ಷ ಬಾಳೋ ಸವಾರೊ ಒಂದು ಮಧ್ಯಾಹ್ನದಾಗ ಸುಟ್ಟು ಹೋಗ್ತದ. ಅದಕ್ಕ ಊರಿನ ಸ್ವಯಂಸೇವಕರು ರಜಾ ದಿನ ಗುದ್ದಲಿ ಹಿಡಕೊಂಡು ಗುಡ್ಡ ಹತ್ತಿ ಆ ಹುಲ್ಲು ಕೀಳ್ತಾರ. ಹುಲ್ಲಿನದೂ ತಪ್ಪಿಲ್ಲ, ಜಾಲಿದೂ ತಪ್ಪಿಲ್ಲ. ತವರಿನ್ಯಾಗ ಎರಡೂ ಒಳ್ಳೇವನ.

ಇನ್ನ ಆರಿಸೋ ಮಾತು. ನಮ್ಮ ಮನಿ ಅಂಗಳದ ಲೆಕ್ಕ ಹೇಳ್ತೀನಿ. ಪಡುವಣ ಬಿಸಿಲು ಬೀಳೋ ಕಡೆ ಒಂದು ಮೆಸ್ಕೀಟ್, ಗ್ವಾಡಿಯಿಂದ ದೂರ. ಇದಕ್ಕ ದಿನಾ ಚೂರು ಚೂರು ನೀರು ಹಾಕಬಾರದು. ಹಾಕಿದ್ರ ಬೇರು ಮ್ಯಾಲೆ ಉಳಕೊಂಡು ಮಳಿಗಾಳಿಗೆ ಮರ ಬುಡಮೇಲಾಗ್ತದ. ಹದಿನೈದು ದಿನಕ್ಕೊಮ್ಮೆ, ಆಳಕ್ಕ ಇಳಿಯೋ ಹಂಗ, ಮೊದಲಿನ ಎರಡು ವರ್ಷ ಹಾಕಿದ್ರ ಮುಂದ ಅದು ತನ್ನ ದಾರಿ ತಾನ ನೋಡ್ಕೊಳ್ತದ. ಮೂಡಣಕ್ಕ ಪಾಲೊ ವರ್ಡಿ. ಬರ ಬಿದ್ರ ಎಲಿ ಉದುರಿಸಿ ಹಸಿರು ತೊಗಟಿಲೇ ಉಣ್ತದ. ಏಪ್ರಿಲ್‌ದಾಗ ಅರಿಶಿಣ ಚೆಲ್ಲಿದಂಗ ಹೂ ಬಿಡ್ತದ. ಬೇಲಿಗುಂಟ ಕ್ರಿಯೊಸೋಟ್ ಪೊದಿ. ಮೊದಲ ಮಳಿ ಬಿದ್ದಾಗ ಈ ಊರಿಗೆ ಬರೋ ವಾಸನಿ ಮಣ್ಣಿನದಕ್ಕಿಂತ ಹೆಚ್ಚು ಇದರದು. ಮೆಸ್ಕೀಟ್ ನೆರಳಿನ್ಯಾಗ ಚಿಲ್ಟೆಪಿನ್. ಬಟಾಣಿಗಿಂತ ಸಣ್ಣ ಕಾಡು ಮೆಣಸಿನಕಾಯಿ ಅದು, ಖಾರ ಅಂದ್ರ ಕಣ್ಣಾಗ ನೀರು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಕುಲದ ಮುತ್ತಜ್ಜಿ. ನೆರಳಿಲ್ಲದಿದ್ರ ಅದೂ ಬದುಕಂಗಿಲ್ಲ. ತುಳಸಿ, ಕರಿಬೇವು, ಒಂದು ಮಲ್ಲಿಗಿ ಕುಂಡದಾಗ, ಅಡಗಿಮನಿ ಬಾಗಲ ಬಾಜೂಕ ಅದಾವ. ಅಕ್ಕಿ ತೊಳೆದ ನೀರು ಅವಕ್ಕ ಸಾಲ್ತದ.

ಗಿಡಕ್ಕಿಂತ ಮೊದಲು ಮಾಡಿದ್ದು ತಗ್ಗು. ಅಂಗಳದ ನೀರು ರಸ್ತೆಗೆ ಹರಿಯದಂಗ ಮರದ ಸುತ್ತ ಅಗಲಾದ ತಗ್ಗು, ಮಾಳಿಗಿ ನೀರು ಅದಕ್ಕ ಬೀಳೋ ಹಂಗ ಕಾಲುವಿ. ಲೆಕ್ಕ ಹಾಕ್ರಿ: 1000 ಚದರಡಿ ಮಾಳಿಗಿ ಮ್ಯಾಲೆ 25 ಮಿಲಿಮೀಟರ್ ಮಳಿ ಬಿದ್ರ 2300 ಲೀಟರ್ ನೀರು. ಟೂಸಾನ್ ನಗರದವರು 2008ರಾಗ ಒಂದು ನಿಯಮ ತಂದಾರ: ಹೊಸದಾಗಿ ಕಟ್ಟೋ ವ್ಯಾಪಾರದ ಕಟ್ಟಡಗಳು ತಮ್ಮ ಗಿಡಕ್ಕ ಬೇಕಾಗೋ ನೀರಿನ್ಯಾಗ ಅರ್ಧ ಮಳಿ ನೀರಿನಿಂದನ ಹೊಂದಿಸಬೇಕು. 2021ರ ಆಗಸ್ಟ್‌ದಾಗ ಕೊಲೊರಾಡೊ ನದಿ ಮ್ಯಾಲೆ ಮೊದಲ ಸಲ ಅಧಿಕೃತ ನೀರಿನ ಕೊರತೆ ಘೋಷಣಾ ಆತು. ಮರುವರ್ಷ ಅರಿಜೋನಾಕ್ಕ ಬರೋ ಆ ನದಿ ನೀರಿನ್ಯಾಗ ಸುಮಾರು 18 ಪಾಲು, ನೂರಕ್ಕ, ಕಡಿತ ಆತು. ನೂರಾರು ಕಿಲೋಮೀಟರ್ ದೂರದಿಂದ ಗುಡ್ಡ ಏರಿಸಿ ತಂದ ನೀರು ಅದು. ಅದನ್ನ ನಂಬಿ ಲಾನ್ ಬೆಳೆಸೋದು ಎಷ್ಟು ದಿನ ನಡೀತದ?

ಈಗ ನಮ್ಮ ಕಡೆ ಹೊಸ ಲೇಔಟಿನ್ಯಾಗ ಮನಿ ಕಟ್ಟೋರೆಲ್ಲಾ ಮುಂದ ಮೆಕ್ಸಿಕನ್ ಹುಲ್ಲು ಹಾಸಸ್ತಾರ ಅಂತ ಫೋಟೋ ನೋಡ್ತೀನಿ. ಅದಕ್ಕ ಹೇಳ್ತೀನಿ. ಅದ ಜಾಗದಾಗ ಒಂದು ಬೇವು, ಒಂದು ಲಕ್ಕಿ, ಬೇಲಿಗೆ ತಂಗಡಿ, ಜಾಗ ಇದ್ರ ಒಂದು ಬನ್ನಿ ಹಚ್ರಿ. ದಸರಾದಾಗ ಬಂಗಾರ ಅಂತ ಕೊಟ್ಟು ತಗೊಳ್ಳೋ ಬನ್ನಿನೂ ಮೆಸ್ಕೀಟಿನ ಬಳಗದ್ದ. ಬಿಜಾಪುರದ ಬಿಸಿಲು ಅದಕ್ಕ ಹುಟ್ಟಿದಾಗಿಂದ ಗೊತ್ತು. ಮುಂಗಾರು ಹಿಡಿದ ಕೂಡ್ಲೆ ಹಚ್ರಿ, ಸುತ್ತ ತಗ್ಗು ಮಾಡ್ರಿ. ನಿಮ್ಮ ಮಾಳಿಗಿ ಮ್ಯಾಲೆ ಬೀಳೋ ಮಳಿ ನಮ್ಮದಕ್ಕಿಂತ ಎರಡು ಪಟ್ಟು. 1000 ಚದರಡಿಗೆ ವರ್ಷಕ್ಕ 50 ಸಾವಿರ ಲೀಟರಿಗೂ ಹೆಚ್ಚಾಗ್ತದ. ಬೋರಿಗೆ ಅಷ್ಟು ಭಾರ ಕಡಿಮಿ.

ಮೆಸ್ಕೀಟ್ ಕಾಯಿ ಇಲ್ಲಿ ಜೂನ್‌ದಾಗ ಒಣಗ್ತಾವ. ಮಳಿ ಬೀಳೋದರೊಳಗ, ಬೂಜು ಹಿಡಿಯೋದಕ್ಕಿಂತ ಮೊದಲು, ಮರದಿಂದನ ಕಿತ್ತು ಬಿಸಿಲಿಗೆ ಹರವಬೇಕು. ಹಿಟ್ಟು ಮಾಡಿ ಗೋದಿ ಹಿಟ್ಟಿಗೆ ಒಂದು ಹಿಡಿ ಕೂಡಿಸಿ ಚಪಾತಿ ಮಾಡಿದ್ರ, ಬೆಲ್ಲ ಹಾಕಿದಂಗ ಸ್ವಲ್ಪ ಸಿಹಿ ಇರ್ತದ. ಊರಿಗೆ ಬರೋ ಮುಂದ ಒಂದು ಡಬ್ಬಿ ತರ್ತೀನಿ, ತಿಂದು ನೋಡೋಣಂತ.